ವಾಲ್ವ್ ರೇಡಿಯೋದ ದನಿ ಎಲ್ಲಿ ಉಡುಗುತ್ತದೆ?



ಅಟ್ಟದಿಂದ ಹಳೆಯ ವಾಲ್ವ್ ರೇಡಿಯೋ ಇಳಿಸಿ, ಧೂಳು ಕೊಡವಿ, ರಿಪೇರಿ ಮಾಡಿದ್ದೀರಿ. ಡಯಲ್ ದೀಪ ಹತ್ತಿತು, ವಾಲ್ವ್‌ಗಳು ಕಾದವು, ನಿಲಯವೂ ಸಿಕ್ಕಿತು. ದನಿ ಮಾತ್ರ ಬಾವಿಯ ತಳದಿಂದ ಬಂದಂತೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ತಂದೆಯವರ ಸೆಟ್ಟು ಅದು. ಮೇಣ ಹಚ್ಚಿದ ಕಾಗದದ ಕಂಡೆನ್ಸರ್‌ಗಳನ್ನೂ ದೊಡ್ಡ ಫಿಲ್ಟರ್ ಕಂಡೆನ್ಸರ್‌ಗಳನ್ನೂ ಬದಲಿಸಿ ಹೆಮ್ಮೆಯಿಂದ ಹಚ್ಚಿದೆ. “ನಿಮ್ಮಪ್ಪ ಇದ್ದಾಗ ಪ್ರದೇಶ ಸಮಾಚಾರ ಅಡುಗೆಮನೆಗೂ ಕೇಳಿಸ್ತಿತ್ತಲ್ಲೋ” ಎಂದರು ತಾಯಿ.

ಮೊದಲು ತಪ್ಪು ಸೆಟ್ಟಿನದೇ ಎಂದು ಖಚಿತವಾಗಬೇಕು. ಆಕಾಶವಾಣಿಯ ಹಲವು ಮೀಡಿಯಂ ವೇವ್ ಪ್ರೇಷಕಗಳು ನಿಂತಿವೆ. ಪಕ್ಕದಲ್ಲಿ ಸಣ್ಣ ಟ್ರಾನ್ಸಿಸ್ಟರ್ ಇಟ್ಟು ಅದೇ ನಿಲಯವನ್ನು ಹೋಲಿಸಿ ನೋಡಿ. ಏರಿಯಲ್ ತಂತಿಯನ್ನೂ ಮರೆಯಬೇಡಿ.

ಒಳಗೆ ಕೈಹಾಕುವ ಮುನ್ನ ಒಂದು ಮಾತು. ಇಲ್ಲಿ 250 ವೋಲ್ಟ್ ಸಾಮಾನ್ಯ; ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಅದು ಉಳಿದಿರುತ್ತದೆ. ಎಸಿ-ಡಿಸಿ ಎರಡಕ್ಕೂ ನಡೆಯುವ ಸೆಟ್ಟುಗಳಲ್ಲಿ ಚಾಸಿಗೇ ಮೇನ್ಸ್ ತಗುಲಿರಬಹುದು. ಅಂಥವನ್ನು ಬಲ್ಲವರಿಗೇ ಬಿಡಿ.

ನನ್ನದು ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಹಿಂಬದಿಯಲ್ಲಿ ಗ್ರಾಮಫೋನ್ ಪಿಕಪ್‌ಗೆಂದು ಎರಡು ತೂತುಗಳಿದ್ದವು. ಈ ತೂತುಗಳು ಸೆಟ್ಟನ್ನು ಎರಡು ಪಾಲು ಮಾಡುತ್ತವೆ. ಕ್ಯಾಸೆಟ್ ಪ್ಲೇಯರ್‌ನ ಹಾಡನ್ನು ಅಲ್ಲಿಗೆ ಕೊಟ್ಟಾಗ ಜೋರಾಗಿ ಕೇಳಿಸಿದರೆ ದೋಷ ನಿಲಯ ಹಿಡಿಯುವ ಭಾಗದಲ್ಲಿದೆ. ಅದೂ ಕ್ಷೀಣವಾದರೆ ದೋಷ ಧ್ವನಿ ವರ್ಧಿಸುವ ಭಾಗದಲ್ಲಿ. ನನ್ನದು ಎರಡನೆಯದು.

ಇಲ್ಲಿ ನಾನು ಎಡವಿದೆ. ಕೊನೆಯ ವಾಲ್ವ್ ಇಎಲ್ 84 ಮುಪ್ಪಾಗಿದೆ ಎಂದು ಎಸ್.ಪಿ. ರಸ್ತೆಯೆಲ್ಲ ಅಲೆದು ದುಬಾರಿ ಬೆಲೆಗೆ ಇನ್ನೊಂದು ತಂದೆ. ದನಿ ಇದ್ದಲ್ಲೇ ಇತ್ತು. ವಿಜ್ಞಾನ ಓದಿದವನು ಅಳೆಯುವ ಮೊದಲೇ ಕೊಂಡದ್ದಕ್ಕೆ ದಂಡ! ಆಮೇಲೆ ಮೀಟರ್ ಹಿಡಿದರೆ ಆನೋಡ್‌ನಲ್ಲಿ ಸರಿಯಾದ ವೋಲ್ಟೇಜ್, ಕ್ಯಾಥೋಡ್‌ನಲ್ಲಿ ಇರಬೇಕಾದ ಸುಮಾರು 7 ವೋಲ್ಟ್. ಎಲ್ಲ ಸರಿ, ದನಿ ಇಲ್ಲ.

ಇದೇ ಸುಳಿವಾಗಿತ್ತು. ಕ್ಯಾಥೋಡ್‌ನಿಂದ ಚಾಸಿಗೆ ಒಂದು ಸಣ್ಣ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ ಒಂದು ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಇರುತ್ತವೆ. ಧ್ವನಿಯ ಏರಿಳಿತಕ್ಕೆ ಕಂಡೆನ್ಸರ್ ಸುಲಭದ ಒಳದಾರಿ. ಅದು ಒಳಗೆ ಒಣಗಿದರೆ ಏರಿಳಿತ ರೆಸಿಸ್ಟರ್ ಮೂಲಕವೇ ಹೋಗಬೇಕು. ಆಗ ಕ್ಯಾಥೋಡ್ ವೋಲ್ಟೇಜ್ ಕೂಡ ಗ್ರಿಡ್ ಜೊತೆಗೇ ಏರಿಳಿಯುತ್ತದೆ. ವಾಲ್ವ್ ತನ್ನ ದನಿಯನ್ನು ತಾನೇ ಅದುಮಿಕೊಳ್ಳುತ್ತದೆ. ಇಎಲ್ 84ರಲ್ಲಿ ವರ್ಧನೆ ಅರ್ಧಕ್ಕೂ ಕೆಳಗಿಳಿಯಬಹುದು. ಒಣಗಿದ ಕಂಡೆನ್ಸರ್ ನೇರ ವಿದ್ಯುತ್ತಿಗೆ ಅಡ್ಡ ಬರುವುದಿಲ್ಲವಾದ್ದರಿಂದ ಮೀಟರಿಗೆ ಸುಳಿವೇ ಸಿಗುವುದಿಲ್ಲ.

ಸೆಟ್ಟು ಆರಿಸಿ, ಉಳಿದ ಚಾರ್ಜ್ ಇಳಿಸಿ, 100 ಮೈಕ್ರೋಫ್ಯಾರಡ್, 25 ವೋಲ್ಟಿನ ಹೊಸದನ್ನು ಧನ ತುದಿ ಕ್ಯಾಥೋಡ್‌ಗೆ ಬರುವಂತೆ ಬೆಸುಗೆ ಹಾಕಿದೆ. ಬೆಲೆ ಕೆಲವೇ ರೂಪಾಯಿ. ಗಾತ್ರದಲ್ಲಿ ಸಣ್ಣದೆಂದು ಮೊದಲ ಸಲ ಬಿಟ್ಟಿದ್ದೂ ಇದನ್ನೇ.

ನಿಮ್ಮ ಸೆಟ್ಟಿನಲ್ಲಿ ದನಿ ಕ್ಷೀಣವಾಗಿ ಒಡೆದೂ ಇದ್ದರೆ, ಕೊನೆಯ ವಾಲ್ವಿನ ಗ್ರಿಡ್‌ಗೆ ಬರುವ ಕಂಡೆನ್ಸರ್ ಸೋರುತ್ತಿದೆಯೇ ನೋಡಿ. ಹಿಂದಿನ ವಾಲ್ವಿನ ಆನೋಡ್ ರೆಸಿಸ್ಟರ್ ಬೆಲೆ ಏರಿರುವುದೂ ಉಂಟು.

ಮರುದಿನ ಬೆಳಿಗ್ಗೆ ಒಗ್ಗರಣೆ ಸದ್ದಿನ ನಡುವೆಯೇ ತಾಯಿ ವಾರ್ತೆ ಕೇಳಿದರು. ಸಣ್ಣದೊಂದು ಗುಂಯ್ ಶಬ್ದ ಉಳಿದಿದೆ. ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.