ಮನೆಯ ಗಾಳಿ, ಗೋಡೆಯ ಬೂಷ್ಟು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ನಾವು ನೀರಿನ ಮಾತೆತ್ತಿದರೆ ಸಾಮಾನ್ಯವಾಗಿ ನೀರು ಸಾಲದೆಂಬ ಮಾತನ್ನೇ ಆಡುತ್ತೇವೆ. ವರ್ಷವೆಲ್ಲ ಹರಿಯುವ ಹೊಳೆ ನಮಗಿಲ್ಲ. ಕೆರೆ ತುಂಬಿದರೆ ಹಬ್ಬ, ತುಂಬದಿದ್ದರೆ ಕೊಳವೆ ಬಾವಿಯ ಚಿಂತೆ. ಇಂಥ ಒಣ ಸೀಮೆಯಲ್ಲಿ, ಮನೆಯೊಳಗೆ ನೀರು ಹೆಚ್ಚಾಗಿ ಗೋಡೆ ಕೆಡುತ್ತಿದೆ ಎಂದರೆ ನಿಮಗೆ ನಗು ಬಂದೀತು.

ಆದರೆ ಮಳೆಗಾಲ ಮುಗಿದು ಚಳಿ ಕಾಲಿಟ್ಟ ಮೇಲೆ ಒಮ್ಮೆ ಬೀರುವನ್ನು ಸ್ವಲ್ಪ ಮುಂದಕ್ಕೆ ಸರಿಸಿ ಅದರ ಹಿಂದಿನ ಗೋಡೆಯನ್ನು ನೋಡಿ. ಮಲಗುವ ಕೋಣೆಯ ಮೇಲ್ಮೂಲೆಯನ್ನು ನೋಡಿ. ಬಚ್ಚಲುಮನೆಯ ಸೂರಿನ ಕಡೆಗೆ ಕಣ್ಣು ಹಾಯಿಸಿ. ಕಪ್ಪು, ಹಸುರು ಚುಕ್ಕೆಗಳು ಕಂಡರೆ ಅದೇ ಬೂಷ್ಟು. ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲಿ ಮುಗ್ಗಲು ವಾಸನೆ ಬಂದರೆ ಅದೂ ಇದರದೇ ಬಳಗ. ಮನೆಯವರು ಗಾರೆಯವನನ್ನು ಬೈದು, ಬಣ್ಣದವನನ್ನು ಕರೆಸಿ, ಖರ್ಚು ಮಾಡಿ ಗೋಡೆಯನ್ನು ಚೊಕ್ಕಟ ಮಾಡಿಸುತ್ತಾರೆ. ಮರುವರ್ಷ ಅದೇ ಜಾಗದಲ್ಲಿ ಅದೇ ಚುಕ್ಕೆ!

ಇದಕ್ಕೆ ಕಾರಣವಿಷ್ಟೆ. ಸೂರು ಸೋರದ, ನಲ್ಲಿ ಒಡೆಯದ ಮನೆಯಲ್ಲಿ ಕಾಣುವ ಬೂಷ್ಟು ಗೋಡೆಯ ರೋಗವಲ್ಲ, ಗಾಳಿಯ ರೋಗ. ಮನೆಯೊಳಗೆ ಹುಟ್ಟುವ ನೀರಾವಿಗೆ ಹೊರಗೆ ಹೋಗಲು ದಾರಿ ಇಲ್ಲವೆಂಬುದರ ಗುರುತು. ಆದುದರಿಂದ ಮದ್ದನ್ನು ಗೋಡೆಗೆ ಹಚ್ಚಿದರೆ ಸಾಲದು. ಮನೆಯ ಗಾಳಿಗೆ ಕೊಡಬೇಕು.

ನೀರಾವಿ ಎಲ್ಲಿಂದ ಬರುತ್ತದೆ ಎಂದು ಕೇಳುವಿರಾ? ಮೊದಲು ನಮ್ಮಿಂದಲೇ. ಮಲಗಿ ನಿದ್ರಿಸುವ ಒಬ್ಬ ಮನುಷ್ಯ ಉಸಿರು ಮತ್ತು ಬೆವರಿನ ಮೂಲಕ ಗಂಟೆಗೆ ಸುಮಾರು 40 ಗ್ರಾಮಿನಷ್ಟು ನೀರನ್ನು ಗಾಳಿಗೆ ಸೇರಿಸುತ್ತಾನೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಎಂಟು ಗಂಟೆ ಮಲಗಿದರೆ ಒಂದು ಲೀಟರಿಗೂ ಮೀರಿತು. ಅನ್ನ, ಸಾರು, ಮುದ್ದೆಯ ಎಸರು ಕುದಿಯುವಾಗ ಏಳುವ ಆವಿ ಬೇರೆ. ಒಲೆಯ ಅನಿಲವೂ ನೀರನ್ನು ಹುಟ್ಟಿಸುತ್ತದೆ ಎಂಬುದು ಅನೇಕರಿಗೆ ತಿಳಿಯದು. ಒಂದು ಕಿಲೋ ಅಡಿಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯಾಗಿ ಬರುತ್ತದೆ. 14.2 ಕಿಲೋ ತೂಕದ ಒಂದು ಸಿಲಿಂಡರು ಮುಗಿಯುವಷ್ಟರಲ್ಲಿ ಇಪ್ಪತ್ತೆರಡು ಲೀಟರಿನಷ್ಟು ನೀರನ್ನು ಅಡಿಗೆಮನೆಯ ಗಾಳಿಗೆ ಸುರಿದಂತಾಯಿತು. ಇದರ ಮೇಲೆ ಸ್ನಾನದ ಬಿಸಿನೀರು, ಮಳೆಯ ದಿನ ಒಳಗೆ ಹರವಿದ ಒದ್ದೆ ಬಟ್ಟೆ.

ಈ ನೀರು ಕಣ್ಣಿಗೆ ಕಾಣುವುದಿಲ್ಲ. ಗಾಳಿ ಬೆಚ್ಚಗಿರುವಷ್ಟು ಹೊತ್ತು ಅದನ್ನು ಹೊತ್ತುಕೊಂಡಿರುತ್ತದೆ. ತಣ್ಣಗಾದರೆ ಹೊರಲಾರದೆ ಇಳಿಸಿಬಿಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 15 ಡಿಗ್ರಿಗೆ ಇಳಿದರೆ 13 ಗ್ರಾಂ ಕೂಡ ಹಿಡಿಯಲಾರದು. ಮಿಕ್ಕದ್ದು ತಣ್ಣನೆಯ ವಸ್ತುವನ್ನು ಹುಡುಕಿ ಹನಿಗಟ್ಟುತ್ತದೆ. ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ಕಂಡಿದ್ದೀರಲ್ಲ, ಗೋಡೆ ಬೆವರುವುದೂ ಹಾಗೆಯೇ. ಚಳಿಗಾಲದ ನಿರ್ಮಲವಾದ ರಾತ್ರಿಯಲ್ಲಿ ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಕಾಂಕ್ರೀಟು ತಾರಸಿಯೂ, ತಗಡಿನ ಸೂರೂ ತಮ್ಮ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತವೆ. ಒಳಗೆ ಬಾಗಿಲು ಕಿಟಕಿ ಮುಚ್ಚಿ ಮಲಗಿದವರ ಉಸಿರು ಆ ಸೂರಿಗೇ ತಾಗುತ್ತದೆ. ಬೂಷ್ಟಿಗೆ ಸುರಿಯುವ ನೀರು ಬೇಕಿಲ್ಲ. ಗೋಡೆಯನ್ನು ತಾಗಿದ ಗಾಳಿಯ ತೇವ ಅನೇಕ ದಿನ ನೂರಕ್ಕೆ 80ರ ಮೇಲಿದ್ದರೆ ಅಷ್ಟೇ ಅದಕ್ಕೆ ಸಾಕು.

ಈ ವಿಷಯವನ್ನು ನಮ್ಮ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ರೇಷ್ಮೆ ಹುಳು ಸಾಕುವ ಒಕ್ಕಲು ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಳ್ಳೆಯ ಗೂಡು ತರುವ ಯಾವ ಬೆಳೆಗಾರರನ್ನಾದರೂ ಕೇಳಿ ನೋಡಿ. ಚಾಕಿ ಹುಳುವಿಗೆ 27-28 ಡಿಗ್ರಿ ಬೆಚ್ಚಗೂ, ನೂರಕ್ಕೆ 85-90ರಷ್ಟು ತೇವವೂ ಬೇಕು. ಆದರೆ ಹುಳು ಬೆಳೆದಂತೆಲ್ಲ ತೇವ ಇಳಿಯಬೇಕು, ಗಾಳಿ ಏರಬೇಕು. ಐದನೆಯ ಹಂತಕ್ಕೆ 24-25 ಡಿಗ್ರಿ, ನೂರಕ್ಕೆ 70ರ ಒಳಗಿನ ತೇವ ಹಿತ. ಈ ಹೊತ್ತಿನಲ್ಲಿ ಹುಳುಮನೆಯೊಳಗೆ ಬರುವ ನೀರು ಎಷ್ಟೆಂದು ಯೋಚಿಸಿ. ನೂರು ಮೊಟ್ಟೆ ಹುಳುವಿಗೆ ಬೆಳೆ ಮುಗಿಯುವುದರೊಳಗೆ 800ರಿಂದ 1000 ಕಿಲೋ ಹಿಪ್ಪುನೇರಳೆ ಸೊಪ್ಪು ಬೇಕು. ಅದರಲ್ಲಿ ಹತ್ತು ಪಾಲಿಗೆ ಒಂಬತ್ತು ಪಾಲಿಗಿಂತ ಹೆಚ್ಚು ಕೊನೆಯ ಎರಡು ಹಂತಗಳಿಗೇ ಸರಿ. ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ.

ಆ ನೀರು ಹೊರಗೆ ಹೋಗದಿದ್ದರೆ ಏನಾಗುತ್ತದೆ? ಮಳೆ, ಚಳಿಯ ದಿನಗಳಲ್ಲಿ ಸುಣ್ಣಕಟ್ಟು ರೋಗ ಬರುತ್ತದೆ. ಹುಳು ಸತ್ತು, ಮೈ ಗಟ್ಟಿಯಾಗಿ, ಮೇಲೆ ಬಿಳಿಯ ಹುಡಿ ಕಟ್ಟುತ್ತದೆ. ಹೆಸರಿನಲ್ಲಿ ಸುಣ್ಣವಿದ್ದರೂ ಅದು ಸುಣ್ಣವಲ್ಲ, ಒಂದು ಬಗೆಯ ಬೂಷ್ಟು. ಇಟಲಿಯ ಅಗಸ್ಟೀನೊ ಬಸ್ಸಿ ಎಂಬಾತ ವರ್ಷಗಟ್ಟಲೆ ಪ್ರಯೋಗ ಮಾಡಿ, ಈ ರೋಗವನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಎಂದು 1835ರಲ್ಲಿ ಪ್ರಕಟಿಸಿದ. ಪಾಶ್ಚರನಿಗಿಂತ ಮೊದಲೇ, ಸೂಕ್ಷ್ಮಜೀವಿಯಿಂದ ಪ್ರಾಣಿಗಳಿಗೆ ರೋಗ ಬರುತ್ತದೆ ಎಂಬುದನ್ನು ಲೋಕ ಕಂಡುಕೊಂಡದ್ದು ಒಂದು ರೇಷ್ಮೆ ಹುಳುವಿನ ಮೈಮೇಲಿನ ಬೂಷ್ಟಿನಿಂದ. ಆ ಬೂಷ್ಟಿಗೆ ಇಂದಿಗೂ ಬಸ್ಸಿಯ ಹೆಸರೇ ಇದೆ. ಒಂದು ಬೆಳೆ ಹೀಗೆ ಹೋದರೆ ಸೊಪ್ಪು, ಕೂಲಿ, ಮೊಟ್ಟೆಯ ದುಡ್ಡು ಎಲ್ಲ ಹೋದಂತೆ. ಸಾಲ ಮಾತ್ರ ಉಳಿಯುತ್ತದೆ.

ಇದಕ್ಕಾಗಿಯೇ ಜಾಣ ಬೆಳೆಗಾರ ಏನು ಮಾಡುತ್ತಾನೆ ನೋಡಿ. ಹುಳುಮನೆಯಲ್ಲಿ ಕೆಳಗೆ ಗಾಳಿ ಬರುವ ಕಿಂಡಿ, ಮೇಲೆ ಸೂರಿನ ಹತ್ತಿರ ಗಾಳಿ ಹೋಗುವ ಕಿಂಡಿ ಇಡುತ್ತಾನೆ. ಬೆಚ್ಚನೆಯ ತೇವದ ಗಾಳಿ ಹಗುರ. ಅದು ತಾನಾಗಿಯೇ ಮೇಲೇರಿ ಹೊರಟುಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಹುಳು ಜ್ವರಕ್ಕೆ ಕುಳಿತಾಗ ಸುಣ್ಣದ ಪುಡಿ ಎರಚಿ ತಟ್ಟೆಯನ್ನು ಒಣಗಿಸುತ್ತಾನೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲಂತೂ ಗಾಳಿಯನ್ನು ಕಟ್ಟಿಹಾಕುವುದೇ ಇಲ್ಲ. ಗೂಡು ಕಟ್ಟುವಾಗ ತೇವ ನಿಂತರೆ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಕಿಂಡಿಗಳಿಗೆಲ್ಲ ಬಲೆ ಹಾಕಬೇಕಾಯಿತು. ನೊಣ ಬರುತ್ತದೆಂದು ಕಿಂಡಿಯನ್ನೇ ಮುಚ್ಚಲಿಲ್ಲ, ಬಲೆ ಹಾಕಿದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ವಾಸದ ಮನೆಗೆ ಬರೋಣ. ಹುಳುವಿಗೆ ಇಷ್ಟು ಎಚ್ಚರಿಕೆಯಿಂದ ಗಾಳಿ ಒದಗಿಸುವ ನಾವು ಮಕ್ಕಳು ಮಲಗುವ ಕೋಣೆಯನ್ನು ಹೇಗೆ ಇಟ್ಟಿದ್ದೇವೆ? ಬೂಷ್ಟಿನ ಹುಡಿ ಉಸಿರಿನೊಡನೆ ಒಳಹೋಗುತ್ತದೆ. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹೇಳಿದೆ. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ ಮನೆಗೆ ಅಂಟಿಕೊಂಡೇ ನಡೆಯುವ ಕಡೆ, ಹುಳುವಿನ ತಟ್ಟೆಗಳೂ ಮನೆಮಂದಿಯೂ ಒಂದೇ ಸೂರಿನಡಿ ಇರುವ ಕಡೆ ಈ ಮಾತು ಇನ್ನೂ ದೊಡ್ಡದು. ಹುಳುವಿಗೆ ಬೇರೆಯೇ ಮನೆ ಕಟ್ಟಿಕೊಳ್ಳಲು ರೇಷ್ಮೆ ಇಲಾಖೆ ಸಹಾಯಧನ ಕೊಡುತ್ತ ಬಂದಿರುವುದು ಬೆಳೆಗೆ ಹೇಗೋ ಹಾಗೆ ಮನೆಯವರ ಆರೋಗ್ಯಕ್ಕೂ ಒಳ್ಳೆಯದೇ.

ಹಿಂದಿನವರ ಮನೆಗಳಲ್ಲಿ ಕತ್ತಲೆ ಇತ್ತು, ಹೊಗೆ ಇತ್ತು, ನಿಜ. ಆದರೆ ಆವಿ ಹೋಗಲು ದಾರಿಯಿತ್ತು. ನಡುವೆ ತೊಟ್ಟಿ, ಅಡಿಗೆಮನೆಯ ಮೇಲೆ ಗವಾಕ್ಷಿ, ಹಂಡೆಯ ಒಲೆಯಿದ್ದ ಬಚ್ಚಲು ಹಿತ್ತಿಲ ಕಡೆಗೆ, ಸಂದು ಬಿಟ್ಟ ನಾಡಹೆಂಚು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೇರೂರಲಾರದು. ಕಾಲ ಕಳೆದಂತೆ ಸುಣ್ಣದ ಆ ಗುಣ ಇಳಿಯುವುದರಿಂದಲೇ ವರ್ಷವರ್ಷವೂ ಬಳಿಯಬೇಕಾಗುತ್ತಿತ್ತು. ಇಂದಿನ ಕಾಂಕ್ರೀಟು ಮನೆ ಗಟ್ಟಿ, ಚೊಕ್ಕಟ. ಆದರೆ ಡಬ್ಬದಂತೆ ಬಿಗಿ. ಸ್ನಾನದ ಮನೆ ಮಲಗುವ ಕೋಣೆಯೊಳಕ್ಕೇ ಬಂದಿದೆ. ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರು ಇದ್ದರೂ ಸೊಳ್ಳೆ ಬರುತ್ತದೆಂದು ರಟ್ಟು ತುರುಕಿರುತ್ತೇವೆ.

ಹಾಗಾದರೆ ಮಾಡಬೇಕಾದುದೇನು? ಒಂದೊಂದು ಕೋಣೆಯನ್ನು ಬೇರೆಬೇರೆಯಾಗಿ ನೋಡದೆ, ಇಡೀ ಮನೆಯನ್ನು ಒಂದು ಹುಳುಮನೆಯಂತೆ ಭಾವಿಸಿ. ಗಾಳಿ ಎಲ್ಲಿಂದ ಬರಬೇಕು, ಯಾವ ದಾರಿಯಲ್ಲಿ ಸಾಗಬೇಕು, ಎಲ್ಲಿಂದ ಹೋಗಬೇಕು, ಈ ಮೂರನ್ನು ನಿಶ್ಚಯಿಸಿ. ಬರುವುದು ಒಣಗಿರುವ ಕಡೆಯಿಂದ, ಅಂದರೆ ನಡುಮನೆ ಮತ್ತು ಮಲಗುವ ಕೋಣೆಗಳ ಕಿಟಕಿಗಳಿಂದ. ಹೋಗುವುದು ಆವಿ ಹುಟ್ಟುವ ಕಡೆಯಿಂದ, ಅಂದರೆ ಅಡಿಗೆಮನೆ ಮತ್ತು ಬಚ್ಚಲುಮನೆಯ ಮೇಲುಗಡೆಯಿಂದ. ಈ ಎರಡರ ನಡುವೆ ಬಾಗಿಲು ಮುಚ್ಚಿದ್ದರೂ ಗಾಳಿ ಸಾಗುವಂತೆ ಬಾಗಿಲ ಕೆಳಗೆ ಒಂದು ಬೆರಳಷ್ಟು ಸಂದು, ಇಲ್ಲವೆ ಬಾಗಿಲ ಮೇಲೆ ಜಾಲರಿಯ ಕಿಂಡಿ ಇರಲಿ. ದಾರಿ ತಿರುಗುಮುರುಗಾದರೆ ಬಚ್ಚಲಿನ ಆವಿಯೆಲ್ಲ ಹಾಸಿಗೆಗೇ ಬಂದೀತು.

ಹೊರಹೋಗುವ ಕಡೆ ಎಗ್ಜಾಸ್ಟ್ ಫ್ಯಾನು ಹಾಕಿದರೆ ಬಹಳ ಅನುಕೂಲ. ಆದರೆ ಒಳಬರುವ ದಾರಿಯಿಲ್ಲದೆ ಫ್ಯಾನು ಬರಿದೆ ಸದ್ದು ಮಾಡುತ್ತದೆ. ಸ್ನಾನವಾದ ಮೇಲೆ ಬಚ್ಚಲ ಬಾಗಿಲನ್ನು ಮುಂದೆ ಮಾಡಿ ಇನ್ನೂ ಇಪ್ಪತ್ತು ನಿಮಿಷ ಅದನ್ನು ತಿರುಗಲು ಬಿಡಿ. ಸೂರಿಗೆ ತೂಗುಹಾಕಿದ ಫ್ಯಾನನ್ನು ಮಾತ್ರ ಇದಕ್ಕೆ ನಂಬಬೇಡಿ. ಅದು ಇರುವ ಗಾಳಿಯನ್ನು ಕಲಕುತ್ತದೆಯೇ ಹೊರತು ಹೊರಗೆ ಕಳಿಸುವುದಿಲ್ಲ. ಸೊಳ್ಳೆಯ ಭಯವಿದ್ದರೆ ಊಜಿ ನೊಣಕ್ಕೆ ಮಾಡಿದಂತೆ ಬಲೆ ಹಾಕಿ, ಕಿಂಡಿ ಮುಚ್ಚಬೇಡಿ. ಬಲೆಗೆ ಧೂಳು ಕಟ್ಟಿದರೆ ಗಾಳಿ ನಿಲ್ಲುತ್ತದೆ, ತಿಂಗಳಿಗೊಮ್ಮೆ ತೊಳೆಯಿರಿ. ಬೀರು, ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿ.

ಚಳಿ ದೇಶಗಳಲ್ಲಿ ಇದನ್ನೇ ಯಂತ್ರಗಳಿಂದ ಮಾಡುತ್ತಾರೆ. ಇಡೀ ಮನೆಗೆ ಕೊಳವೆಗಳನ್ನು ಜೋಡಿಸಿ, ಹಗಲಿರುಳೂ ನಿಧಾನವಾಗಿ ಹಳೆಯ ಗಾಳಿಯನ್ನು ಹೊರಗೆಳೆದು, ಅದರ ಶಾಖವನ್ನು ಒಳಬರುವ ಗಾಳಿಗೆ ಕೊಡುತ್ತಾರೆ. ಅಲ್ಲಿ ಕಿಟಕಿ ತೆರೆದರೆ ಮನೆಯ ಬೆಚ್ಚನೆಯೆಲ್ಲ ಹೋಗುತ್ತದೆ. ನಮಗೆ ಆ ಕಷ್ಟವಿಲ್ಲ. ನಮ್ಮ ಕಡೆಯ ಹವೆಯೇ ವರ್ಷದಲ್ಲಿ ಬಹುಕಾಲ ಕಿಟಕಿ ತೆರೆಯಲು ತಕ್ಕುದಾಗಿದೆ.

ಮಳೆ ಬರುವಾಗ ಕಿಟಕಿ ತೆರೆದರೆ ಇನ್ನಷ್ಟು ತೇವ ಬರುವುದಿಲ್ಲವೆ ಎಂದು ನೀವು ಕೇಳಬಹುದು. ಎರಚಲು ಬೀಳದಂತೆ ನೋಡಿಕೊಂಡರೆ ಬಹುಮಟ್ಟಿಗೆ ಬರುವುದಿಲ್ಲ. ಹೊರಗೆ 20 ಡಿಗ್ರಿಯಲ್ಲಿ ತೇವದಿಂದ ತುಂಬಿದ ಗಾಳಿಯೂ ಒಳಗೆ ಬಂದು 26 ಡಿಗ್ರಿಗೆ ಬೆಚ್ಚಗಾದರೆ ಅದರ ತೇವ ನೂರಕ್ಕೆ 70ರಷ್ಟಾಗುತ್ತದೆ. ಎಸರು ಕುದಿಯುವ ಅಡಿಗೆಮನೆಯ ಗಾಳಿಗಿಂತ ಅದು ಒಣಗಿದ್ದೇ. ಒಂದು ಸಂದರ್ಭ ಮಾತ್ರ ಬೇರೆ. ಅನೇಕ ದಿನ ಚಳಿಯಿದ್ದು, ಕಲ್ಲುಚಪ್ಪಡಿಯ ನೆಲ ತಣ್ಣಗಿರುವಾಗ ಹೊರಗೆ ಒಮ್ಮೆಗೇ ಬೆಚ್ಚನೆಯ ತೇವದ ಗಾಳಿ ಬೀಸಿದರೆ ನೆಲವೇ ಬೆವರುತ್ತದೆ. ಆಗ ಕೆಲವು ಗಂಟೆ ಕಿಟಕಿ ಮುಚ್ಚಿ, ನೆಲ ಬೆಚ್ಚಗಾದ ಮೇಲೆ ತೆರೆಯಿರಿ.

ಇಲ್ಲಿ ಬೂಷ್ಟಿಗಿಂತ ದೊಡ್ಡ ಅಪಾಯವೊಂದನ್ನು ಹೇಳದೆ ಬಿಡುವಂತಿಲ್ಲ. ಚಳಿಗಾಲದಲ್ಲಿ ಹುಳುವನ್ನು ಬೆಚ್ಚಗಿಡಲು ಇದ್ದಿಲ ಅಗ್ಗಿಷ್ಟಿಕೆ ಇಡುತ್ತಾರೆ. ಬಚ್ಚಲಿನಲ್ಲಿ ಅನಿಲದಿಂದ ನೀರು ಕಾಯಿಸುವ ಗೀಸರು ಇಡುತ್ತಾರೆ. ಎಲ್ಲ ಕಡೆಯೂ ಮುಚ್ಚಿದ ಕೋಣೆಯಲ್ಲಿ ಇವು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡಿಕೊಳ್ಳುತ್ತದೆ. ಒಳಗಿದ್ದವರು ಎಚ್ಚರ ತಪ್ಪಿ, ಕೂಗಲೂ ಆಗದೆ ಸಾಯುತ್ತಾರೆ. ಅಂಥ ಕೋಣೆಯಲ್ಲಿ ಯಾರೂ ಮಲಗಬಾರದು. ಅನಿಲದ ಗೀಸರನ್ನು ಬಚ್ಚಲಿನ ಹೊರಗೆ, ಬಯಲುಗಾಳಿಯಲ್ಲೇ ಇಡಿಸಬೇಕು.

ನಿಮ್ಮ ಮನೆಯ ತೇವ ಗಾಳಿಯದೋ ಗೋಡೆಯದೋ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಗೋಡೆಯ ಮೇಲೆ ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕಡೆಯೂ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಮೇಲೆ, ಕೋಣೆಯ ಕಡೆ ಕಂಡರೆ ಅದು ಗಾಳಿಯ ನೀರು. ಹಾಳೆಯ ಹಿಂದೆ, ಗೋಡೆಯ ಕಡೆ ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಆಗ ಗಾರೆಯವನನ್ನು ಕರೆಸುವುದೇ ಸರಿ. ಇರುವ ಬೂಷ್ಟನ್ನು ಒಣ ಪೊರಕೆಯಿಂದ ಎಂದೂ ಗುಡಿಸಬೇಡಿ. ಹುಡಿ ಮನೆಯೆಲ್ಲ ಹಾರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದು, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಗೋಡೆಯನ್ನು ಚೆನ್ನಾಗಿ ಒಣಗಿಸಿ. ಉಬ್ಬಸ ಇರುವವರಿಗೆ ಈ ಕೆಲಸ ಬೇಡ.

ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು. ಬಾಗಿಲು ಎಲ್ಲಿ, ಬೀರು ಎಲ್ಲಿ ಎಂದು ನಕ್ಷೆಯ ಮೇಲೆ ಬೆರಳಿಟ್ಟು ಕೇಳುವಿರಲ್ಲ, ಹಾಗೆಯೇ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ಉತ್ತರ ಬಾರದಿದ್ದರೆ ನಕ್ಷೆಯನ್ನು ತಿದ್ದಿಸಿ. ಕಾಗದದ ಮೇಲೆ ಕಿಂಡಿ ತೆರೆಯಲು ಖರ್ಚಿಲ್ಲ. ಈಗಾಗಲೇ ಮನೆ ಇರುವವರು ಈ ವಾರವೇ ವೆಂಟಿಲೇಟರಿನ ರಟ್ಟನ್ನು ತೆಗೆದು ಬಲೆ ಹಾಕಿಸಬಹುದು. ಬೆಳೆ ಉಳಿಸಿಕೊಳ್ಳಲು ಹುಳುವಿಗೆ ಕೊಡುವ ಗಾಳಿಯನ್ನು ನಮ್ಮ ಮಕ್ಕಳಿಗೂ ಕೊಟ್ಟರೆ ಸಾಕು, ಗೋಡೆ ತಾನಾಗಿಯೇ ಒಣಗುತ್ತದೆ.