ನೀರು ಹಾಯಿಸಿದವನ ಪಾಲು

2009ರಲ್ಲಿ ಇಂಗ್ಲೆಂಡಿನಲ್ಲಿ, ವಾಸದ ಮನೆಗಳನ್ನೇ ಗಾಂಜಾ ತೋಟ ಮಾಡಿಕೊಂಡಿದ್ದ ಎರಡು ಕಡೆ, ಇಬ್ಬರು ವಿಯೆಟ್ನಾಮಿ ಹುಡುಗರು ಪೊಲೀಸರ ಕೈಗೆ ಸಿಕ್ಕರು. ಗಿಡ ನೋಡಿಕೊಳ್ಳುವುದು ಅವರ ಕೆಲಸ. ಇಬ್ಬರೂ ತಪ್ಪೊಪ್ಪಿಕೊಂಡರು, ಬಂಧನದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅವಧಿ ಕಡಿಮೆಯಾಯಿತೇ ಹೊರತು ಅಪರಾಧಿಗಳೆಂಬ ಹಣೆಪಟ್ಟಿ ಕಳಚಲಿಲ್ಲ. ಇವರನ್ನು ಸಾಗಿಸಿ ತಂದು ದುಡಿಸಿಕೊಂಡಿರಬಹುದೇ ಎಂಬುದನ್ನು ಮೊಕದ್ದಮೆಗೆ ಮೊದಲೇ ಸರಿಯಾಗಿ ವಿಚಾರಿಸಬೇಕಿತ್ತು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2021ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಹುಡುಗರು ಗಂಡಸರಾಗಿದ್ದರು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತೇವೆ. ಇಂಥ ಪ್ರಕರಣಗಳಲ್ಲಿ ತೊಡಕೆಂದರೆ, ಎಷ್ಟೋ ಸಲ ಮೇಕೆಯೂ ಒಂದಿಷ್ಟು ನೆಕ್ಕಿರುತ್ತದೆ. ನಮ್ಮ ಹೊಲಗಳಲ್ಲೇ ನೋಡಿ, ಜೋಳದ ಸಾಲಿನ ನಡುವೆ ಏನು ಬೆಳೆಯುತ್ತಿದೆ ಎಂದು ನೀರು ಹಾಯಿಸುವ ಆಳಿಗೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಗೊತ್ತಿದ್ದೇ ಕೂಲಿ ಪಡೆದಿದ್ದರೆ ಅವನಿಗೂ ಒಂದು ಪಾಲಿದೆ. ಎಷ್ಟು ಪಾಲು ಎಂಬುದಷ್ಟೇ ಪ್ರಶ್ನೆ.

ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಬೆಳೆದದ್ದಕ್ಕೆ ಕನಿಷ್ಠ ಶಿಕ್ಷೆ ಇಷ್ಟೇ ಎಂದು ಕಾಯ್ದೆ ಹೇಳಿಲ್ಲ. ಆದರೆ 18 ದಾಟಿದವನನ್ನು ಈ ಅಪರಾಧಕ್ಕೆ ಸನ್ನಡತೆಯ ಮೇಲೆ ಬಿಟ್ಟು ಕಳಿಸುವ ದಾರಿಯನ್ನು ಮುಚ್ಚಿದೆ. ಹಾಗಾಗಿ ಭಾರವೆಲ್ಲ ಬೀಳುವುದು, ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳುವ ಆ ಸಣ್ಣ ವಿಚಾರಣೆಯ ಮೇಲೆ. ಅಲ್ಲಿ ನಡೆಯುವುದೇನು? ಮುದಿ ತಾಯಿ ಇದ್ದಾಳೆ, ಚಿಕ್ಕ ಮಕ್ಕಳಿದ್ದಾರೆ, ಕರುಣೆ ತೋರಿ ಎಂಬ ಎರಡು ಮಾತು. ಮುದಿ ತಾಯಿ ದೊಡ್ಡ ಕುಳಕ್ಕೂ ಇರುತ್ತಾಳೆ!

ಹೇಳಬೇಕಾದ್ದು ಬೇರೆ ಇದೆ. ಜಮೀನು ಯಾರದು, ಬೀಜ ತಂದವರು ಯಾರು, ಕೊಯ್ದ ಮೇಲೆ ಹಣ ಎಣಿಸುವವರು ಯಾರು, ಈತ ಬೇಡವೆಂದು ಎದ್ದು ಹೋಗಬಹುದಿತ್ತೇ? ಇಂಗ್ಲೆಂಡಿನ ಶಿಕ್ಷಾ ಮಾರ್ಗಸೂಚಿ ಈಗ ಪಾತ್ರವನ್ನೇ ಮೂರು ದರ್ಜೆಯಾಗಿ ಅಳೆಯುತ್ತದೆ. ಒತ್ತಡಕ್ಕೆ ಸಿಕ್ಕಿ ಹೇಳಿದ್ದು ಮಾಡಿದವನು ಕೊನೆಯ ದರ್ಜೆಯವನು. ಇದನ್ನು ದಯೆ ಅನ್ನಲು ನನಗೆ ಮನಸ್ಸಿಲ್ಲ. ಲೆಕ್ಕ ಸರಿಯಾಗಿ ಮಾಡುವುದು ನ್ಯಾಯಾಲಯದ ಕೆಲಸವೇ ತಾನೇ. ಸ್ಥಳದಲ್ಲಿ ಸಿಕ್ಕವನ ತಲೆಗೆ ಇಡೀ ಬೆಳೆಯ ತೂಕ ಕಟ್ಟಿಬಿಟ್ಟರೆ, ಸಿಗದವನು ಮುಂದಿನ ಹಂಗಾಮಿಗೆ ಇನ್ನೊಬ್ಬ ಆಳನ್ನು ಹುಡುಕಿಕೊಳ್ಳುತ್ತಾನೆ.