ಬರವಣಿಗೆಯ ದಾಸೋಹ

(ಶ್ರೀಮಠದ ಮಹೋತ್ಸವ ಪ್ರಸಂಗದ ವಿದ್ವತ್ಸಭೆಯಲ್ಲಿ ನಡೆದ ಉಪನ್ಯಾಸ)



ಅನ್ನದಾನವು ಕಣ್ಣಿಗೆ ಕಾಣುವ ದಾನ. ಹಸಿದವನು ಉಂಡು ಎದ್ದಾಗ ಅವನ ಮುಖದಲ್ಲಿಯೇ ಅದರ ಫಲವು ತೋರುತ್ತದೆ. ಕಟ್ಟಡಕ್ಕೆ ಕೊಟ್ಟ ದಾನವೂ ಹಾಗೆಯೇ. ಕಲ್ಲಿನ ಮೇಲೆ ದಾನಿಯ ಹೆಸರು ನಿಲ್ಲುತ್ತದೆ. ಆದರೆ ವಿದ್ಯಾದಾನದಲ್ಲಿ ಕಣ್ಣಿಗೆ ಕಾಣದ ಒಂದು ಅಂಗವುಂಟು. ವಿಶ್ವವಿದ್ಯಾನಿಲಯಕ್ಕೆ ಬಂದ ವಿದ್ಯಾರ್ಥಿಯು ತಿಳಿದುದನ್ನು ಬರೆದು ತೋರಿಸಲಾರದೆ ಕುಳಿತಿರುವಾಗ, ಅವನಿಗಿಂತ ಒಂದೆರಡು ವರ್ಷ ಮುಂದಾದ ಮತ್ತೊಬ್ಬ ವಿದ್ಯಾರ್ಥಿಯು ಪಕ್ಕದಲ್ಲಿ ಕುಳಿತು ದಾರಿ ತೋರಿಸುವುದೇ ಆ ಅಂಗ. ಪರದೇಶಗಳ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇದು ಕ್ರಮಬದ್ಧವಾದ ಏರ್ಪಾಡಾಗಿ ನಡೆದಿದೆ. ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳಿಂದಲೂ ಉದಾರಿಗಳಿಂದಲೂ ವಂತಿಗೆಯನ್ನು ಕೂಡಿಸುವುದುಂಟು. ಇಂತಹ ಕಾರ್ಯಕ್ಕೆ ಹಣವನ್ನು ಏಕೆ ಕೂಡಿಸಬೇಕು, ಹೇಗೆ ಕೂಡಿಸಬೇಕು, ಕೂಡಿಸುವಾಗ ಯಾವುದಕ್ಕೆ ಅಂಜಬೇಕು ಎಂಬ ಮೂರು ಮಾತುಗಳೇ ಈ ಉಪನ್ಯಾಸದ ವಿಷಯ.

ಮೊದಲು ಕಷ್ಟದ ಸ್ವರೂಪವನ್ನು ನೋಡತಕ್ಕದ್ದು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಮನೆತನದಲ್ಲಿಯೇ ಮೊದಲನೆಯವನಾಗಿ ಕಾಲೇಜಿನ ಹೊಸ್ತಿಲನ್ನು ತುಳಿದ ಹುಡುಗನು ಅಧ್ಯಾಪಕರ ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಾನೆ. ಕೇಳಿದರೆ ಬಾಯಿಂದ ಹೇಳಲೂ ಬಲ್ಲನು. ಆದರೆ ಅದನ್ನೇ ಇಂಗ್ಲಿಷಿನಲ್ಲಿ, ಆಧಾರಗಳನ್ನು ಕೊಟ್ಟು, ಪೂರ್ವಪಕ್ಷವನ್ನು ಎತ್ತಿ, ಸಿದ್ಧಾಂತಕ್ಕೆ ತಂದು ಪ್ರಬಂಧವಾಗಿ ಬರೆಯಬೇಕೆಂದಾಗ ಅವನ ಕೈ ನಿಂತುಹೋಗುತ್ತದೆ. ಅವನು ಮಂದಮತಿಯಲ್ಲ, ಆ ಬಗೆಯ ಬರಹವನ್ನು ಅವನ ಮನೆಯಲ್ಲಿ ಯಾರೂ ಬರೆದುದಿಲ್ಲ, ಅಷ್ಟೆ. ಹಸಿದವನು ಅನ್ನವನ್ನು ಬೇಡಬಲ್ಲನು. ಬರೆಯಲು ಬಾರದೆಂದು ಹೇಳಿಕೊಳ್ಳಲು ಮಾತ್ರ ನಾಚಿಕೆ ಅಡ್ಡಬರುತ್ತದೆ. ಹೀಗೆ ಮೌನವಾಗಿ ಹಿಂದೆ ಬಿದ್ದು, ಕಡೆಗೆ ಪುಸ್ತಕಗಳನ್ನು ಕಟ್ಟಿಕೊಂಡು ಊರಿಗೆ ಮರಳುವವರುಂಟು. ಹೆತ್ತವರು ಹೊಲವನ್ನು ಒತ್ತೆಯಿಟ್ಟು ಕಳುಹಿಸಿದ್ದರೆ ಆ ನಷ್ಟವು ಒಬ್ಬನದಾಗಿ ಉಳಿಯದು, ಇಡೀ ಮನೆಯದಾಗುತ್ತದೆ.

ಇದಕ್ಕೆ ಸಹಪಾಠಿಯೇ ಮದ್ದೆಂಬುದು ಹೊಸ ಮಾತಲ್ಲ. ಪಾಠಶಾಲೆಯ ಪಂಡಿತರು ವಿದ್ಯೆಯನ್ನು ನಾಲ್ಕು ಪಾಲಾಗಿ ಎಣಿಸುವ ವಾಡಿಕೆಯುಂಟು. ಅದರಲ್ಲಿ ಒಂದು ಪಾಲು ಜೊತೆಯಲ್ಲಿ ಓದುವವರಿಂದ ಬರತಕ್ಕದ್ದು. ಹಿಂದಿನ ಕಾಲದ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಓನಾಮವನ್ನು ತಿದ್ದುತ್ತಿದ್ದಾಗ, ದೊಡ್ಡ ಹುಡುಗನು ಚಿಕ್ಕವನ ಕೈ ಹಿಡಿದು ಬರೆಯಿಸುತ್ತಿದ್ದನು. ಹಿಡಿಸಿಕೊಂಡ ಕೈ ಮುಂದೆ ಮತ್ತೊಂದು ಕೈಯನ್ನು ಹಿಡಿಯುತ್ತಿತ್ತು.

ಈ ಮಾತಿಗೆ ಹೊರಗಿನವರ ಸಾಕ್ಷ್ಯವೂ ಇದೆ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ದೇಶೀಯ ಶಾಲೆಗಳ ಸ್ಥಿತಿಯನ್ನು ವಿಚಾರಿಸಬೇಕೆಂದು ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಮರುವರ್ಷ, ಎಂದರೆ 1823ರಲ್ಲಿ, ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ ಎಂಬವನು ಉತ್ತರ ಬರೆದನು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವೆಂದು ಅವನು ಲೆಕ್ಕ ಕೊಟ್ಟಿದ್ದಾನೆ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಅವನು ಹೊಗಳಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯುಕ್ತವಾಗಿಯೇ ಇದೆಯೆಂದು ಒಪ್ಪಿಕೊಂಡನು. ಆದರೆ ಅದೇ ಪತ್ರದಲ್ಲಿ ಮತ್ತೊಂದು ಮಾತೂ ಇದೆ. ಅಷ್ಟು ಶಾಲೆಗಳಲ್ಲಿ ಒಂದಕ್ಕೂ ಸರಕಾರದ ಸಹಾಯವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದೂ, ದೇಶವು ಬಡವಾಗುತ್ತ ಬಂದುದರಿಂದ ಕಲಿಸುವವರಿಗೆ ಕೊಡಲು ತಂದೆತಾಯಿಗಳ ಕೈಯಲ್ಲಿ ಏನೂ ಉಳಿದಿಲ್ಲವೆಂದೂ ಅವನು ಬರೆದನು. ಕ್ರಮವು ಉತ್ತಮವಾಗಿದ್ದರೂ ಅದನ್ನು ಹೊರುವ ಕೈಗಳು ಬರಿದಾದರೆ ಅದು ಬಾಳದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇಂಗ್ಲೆಂಡಿಗೆ ಈ ಕ್ರಮವು ಹೋದ ಬಗೆಯೂ ತಿಳಿಯತಕ್ಕದ್ದೇ. 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಬಾಲಕರ ಆಶ್ರಮಕ್ಕೆ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮೇಲ್ವಿಚಾರಕನಾದನು. ಅಲ್ಲಿಯ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡು, ತನ್ನ ಆಶ್ರಮದಲ್ಲಿಯೂ ಹಾಗೆಯೇ ಕಲಿಸಬೇಕೆಂದನು. ಉಪಾಧ್ಯಾಯರು ಒಡಂಬಡಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಳೆಯ ಹುಡುಗನನ್ನೇ ಕೆಳಗಿನ ತರಗತಿಗೆ ನಿಯಮಿಸಿದನು, ಕೆಲಸವು ಸಾಗಿತು. 1797ರಲ್ಲಿ ಇದರ ವೃತ್ತಾಂತವನ್ನು ಬೆಲ್ ಲಂಡನ್ನಿನಲ್ಲಿ ಅಚ್ಚು ಮಾಡಿಸಿದನು. ‘ಮದರಾಸು ಪದ್ಧತಿ’ ಎಂಬ ಹೆಸರು ಪ್ರಸಿದ್ಧವಾಯಿತು. 1832ರಲ್ಲಿ ತೀರಿಕೊಳ್ಳುವಾಗ ಅವನು ತನ್ನ ಅಪಾರ ಧನವನ್ನು ವಿದ್ಯಾಕಾರ್ಯಕ್ಕೆ ಬಿಟ್ಟನು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಆ ಹಣದಿಂದ ಆದ ಶಾಲೆಗೆ ಇಂದಿಗೂ ‘ಮದರಾಸು ಕಾಲೇಜು’ ಎಂದೇ ಹೆಸರು.

ಆದರೆ ಆ ದೇಶದಲ್ಲಿ ಈ ಬೀಜವು ಬೆಳೆದ ರೀತಿಯಲ್ಲಿ ಎರಡು ಎಚ್ಚರಿಕೆಗಳಿವೆ. ಒಬ್ಬ ಗುರುವಿದ್ದರೆ ನೂರಾರು ಮಕ್ಕಳಿಗೆ ಸಾಕು, ಉಳಿದುದನ್ನು ಹುಡುಗರೇ ಮಾಡಿಯಾರು ಎಂಬ ಅಗ್ಗದ ಲೆಕ್ಕವು ದಾತೃಗಳಿಗೆ ರುಚಿಸಿತು. ಅಗ್ಗವೇ ಗುಣವೆನಿಸಿದಾಗ ಕಲಿಕೆಯು ಯಂತ್ರದಂತಾಯಿತು. ಕಾಲಕ್ರಮದಲ್ಲಿ ಪದ್ಧತಿಯು ಮೂಲೆ ಸೇರಿತು. ಇನ್ನೊಂದು, ಲಂಡನ್ನಿನಲ್ಲಿ ಇದೇ ಬಗೆಯ ಶಾಲೆಯನ್ನು ನಡೆಯಿಸಿದ ಜೋಸೆಫ್ ಲ್ಯಾಂಕಸ್ಟರನ ಕಥೆ. ಸ್ವತಃ ಅರಸನೇ ಅವನಿಗೆ ವಂತಿಗೆ ಕೊಟ್ಟಿದ್ದನು. ಆದರೂ ಅವನು ವೆಚ್ಚಕ್ಕೆ ಮಿತಿಯಿಡದೆ ಸಾಲದಲ್ಲಿ ಮುಳುಗಿದನು. 1808ರಲ್ಲಿ ಬೇರೆಯವರು ಮುಂದೆ ಬಂದು ಆ ಭಾರವನ್ನು ಹೊರಬೇಕಾಯಿತು. ಗುರುವಿನ ಸಂಬಳವನ್ನು ಉಳಿಸುವುದಕ್ಕಾಗಿ ಶಿಷ್ಯನನ್ನು ನಿಲ್ಲಿಸಬಾರದು. ಕೂಡಿದ ಹಣಕ್ಕೆ ಲೆಕ್ಕವಿಲ್ಲದಿರಬಾರದು. ಇವೆರಡೂ ಆ ಕಥೆಯ ಸಾರ.

ಒಂದೂವರೆ ಶತಮಾನ ಕಳೆದ ಮೇಲೆ, ಅಮೇರಿಕೆಯ ನ್ಯೂಯಾರ್ಕ್ ಪಟ್ಟಣದಲ್ಲಿ ಈ ವಿಚಾರವು ಮತ್ತೆ ತಲೆಯೆತ್ತಿತು. ಅಲ್ಲಿಯ ನಗರ ವಿಶ್ವವಿದ್ಯಾನಿಲಯವು 1970ರಲ್ಲಿ ಪಟ್ಟಣದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದವರಿಗೆಲ್ಲ ಬಾಗಿಲು ತೆರೆಯಿತು. ಬಡವರ ಮಕ್ಕಳೂ, ಮನೆಯಲ್ಲಿ ಬೇರೆ ಮಾತನ್ನಾಡುವವರೂ ಸಾವಿರಗಟ್ಟಲೆ ಒಳಗೆ ಬಂದರು. ಅವರ ಬರಹವನ್ನು ಕಂಡು ಅನೇಕ ಅಧ್ಯಾಪಕರು ಕೈಚೆಲ್ಲಿದರು. ಸಿಟಿ ಕಾಲೇಜಿನ ಮೀನಾ ಶಾನೆಸಿ ಎಂಬ ವಿದುಷಿಯು ಮಾತ್ರ ಅಂತಹ ವಿದ್ಯಾರ್ಥಿಗಳ ಸುಮಾರು 4,000 ಪ್ರಬಂಧಗಳನ್ನು ತಾಳ್ಮೆಯಿಂದ ಓದಿ, 1977ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದಳು. ತಪ್ಪುಗಳಿಗೂ ಒಂದು ಕ್ರಮವುಂಟು, ಅವು ದಡ್ಡತನದ ಗುರುತಲ್ಲ, ಹೊಸದಾಗಿ ಕಲಿಯುವವನ ಹೆಜ್ಜೆಗಳು ಎಂಬುದೇ ಆಕೆಯ ಸಿದ್ಧಾಂತ.

ಅದೇ ವಿಶ್ವವಿದ್ಯಾನಿಲಯದ ಬ್ರೂಕ್ಲಿನ್ ಕಾಲೇಜಿನಲ್ಲಿದ್ದ ಕೆನೆತ್ ಬ್ರಫಿ ಮತ್ತೊಂದನ್ನು ಕಂಡನು. ಕಾಲೇಜು ಏರ್ಪಡಿಸಿದ ಸಹಾಯವನ್ನು ವಿದ್ಯಾರ್ಥಿಗಳು ತೆಗೆದುಕೊಳ್ಳಲಿಲ್ಲ. ಅದು ಅವರಿಗೆ ತರಗತಿಯ ಮುಂದುವರಿಕೆಯಂತೆಯೇ ತೋರಿತು. ಆದುದರಿಂದ ಸಹಾಯಕ್ಕೆ ಸಮಾನರನ್ನೇ ನಿಲ್ಲಿಸಲಾಯಿತು. ಬಂದವನಿಗೂ ಫಲವಾಯಿತು, ಹೇಳಿಕೊಟ್ಟವನಿಗೂ ಫಲವಾಯಿತು. 1982ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಟೋರಿ ಹೇರಿಂಗ್-ಸ್ಮಿತ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ತರಬೇತಿ ಪಡೆದ ವಿದ್ಯಾರ್ಥಿಗಳನ್ನು ಒಂದೊಂದು ತರಗತಿಗೆ ಸೇರಿಸಿ, ಅಲ್ಲಿಯ ಎಲ್ಲರ ಕರಡು ಬರಹವನ್ನೂ ಓದಿಸುವ ಕ್ರಮವದು. ಜಾಣನೂ ಬರಬೇಕು, ಹಿಂದುಳಿದವನೂ ಬರಬೇಕು. ಪ್ರಸಾದನಿಲಯದ ಪಂಕ್ತಿಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತಾಗ ಬಡವನಾರೆಂದು ತಿಳಿಯದಷ್ಟೆ? ಇದೂ ಹಾಗೆಯೇ. ನಾಚಿಕೆಯೆಂಬುದಕ್ಕೆ ಅಲ್ಲಿ ಎಡೆಯಿಲ್ಲ.

ಸಹಾಯಕನಾದವನ ಧರ್ಮವೂ ಕಠಿನವಾದುದು. ಅವನು ಲೇಖನಿಯನ್ನು ಕಸಿದುಕೊಂಡು ತಾನೇ ಬರೆಯಬಾರದು. “ಇಲ್ಲಿ ನೀನು ಹೇಳಬೇಕೆಂದಿದ್ದುದೇನು?” ಎಂದು ಕೇಳಬೇಕು. ಬಂದವನು ಬಾಯಿಂದ ಹೇಳಿದಾಗ, “ಇದನ್ನೇ ಬರೆ” ಎನ್ನಬೇಕು. ಬರೆದುಕೊಟ್ಟವನು ಒಂದು ಹೊತ್ತಿನ ಊಟ ಹಾಕಿದಂತೆ. ಬರೆಯಿಸಿದವನು ಉಳಲು ಕಲಿಸಿದಂತೆ. ಈಚೆಗೆ ಯಂತ್ರಗಳೇ ಕ್ಷಣಮಾತ್ರದಲ್ಲಿ ಪ್ರಬಂಧವನ್ನು ಬರೆದುಕೊಡುವುದರಿಂದ ಈ ಶ್ರಮವೇಕೆಂದು ಕೇಳುವವರಿದ್ದಾರೆ. ಬೇರೆಯವನು ಉಂಡರೆ ತನ್ನ ಹೊಟ್ಟೆ ತುಂಬದು. ಯಂತ್ರವು ಬರೆದರೆ ತನ್ನ ಬುದ್ಧಿ ತಿದ್ದದು.

ಇನ್ನು ಹಣದ ಮಾತು. ಇದಕ್ಕೆ ದೊಡ್ಡ ಕಟ್ಟಡವು ಬೇಕಾಗಿಲ್ಲ. ಒಂದು ಕೋಣೆ, ದೀಪ, ನಿಘಂಟುಗಳು, ಸಹಾಯಕರಿಗೆ ತರಬೇತಿ ಕೊಡುವ ಒಬ್ಬ ಅನುಭವಿ ಅಧ್ಯಾಪಕ, ಸಹಾಯಕ ವಿದ್ಯಾರ್ಥಿಗಳಿಗೆ ತಕ್ಕ ಗೌರವಧನ, ಇಷ್ಟೇ. ಗೌರವಧನವೇಕೆ, ಸೇವೆಯೆಂದು ಮಾಡಬಾರದೆ ಎಂದರೆ, ಬಡ ವಿದ್ಯಾರ್ಥಿಗೂ ಸಹಾಯಕನಾಗುವ ಯೋಗ್ಯತೆಯುಂಟು. ಆದರೆ ಅವನು ಸಂಜೆಯ ಹೊತ್ತು ದುಡಿಯಲು ಹೋಗಬೇಕಾಗುತ್ತದೆ. ಕೊಡದಿದ್ದರೆ ಉಳ್ಳವರ ಮಕ್ಕಳು ಮಾತ್ರ ಕಲಿಸುವವರಾಗಿ, ಇಲ್ಲದವರ ಮಕ್ಕಳು ಎಂದೆಂದಿಗೂ ಕಲಿಸಿಕೊಳ್ಳುವವರಾಗಿಯೇ ಉಳಿದಾರು.

ಈ ವೆಚ್ಚವು ವರ್ಷವರ್ಷವೂ ಬರತಕ್ಕದ್ದಾದುದರಿಂದ ಒಂದು ಸಲದ ಉತ್ಸಾಹವು ಸಾಲದು; ಮೂಲಧನವು ಬೇಕು. 1847ರಿಂದ ಬೋಧನಶುಲ್ಕವಿಲ್ಲದೆ ನಡೆದುಬಂದ ನ್ಯೂಯಾರ್ಕಿನ ಆ ವಿದ್ಯಾಸಂಪ್ರದಾಯವೇ ಪಟ್ಟಣದ ಬೊಕ್ಕಸವು ಬರಿದಾದಾಗ, 1976ರಲ್ಲಿ ಶುಲ್ಕವನ್ನು ವಿಧಿಸಬೇಕಾಯಿತು. ಬಾಗಿಲು ತೆರೆದು ಆರು ವರ್ಷವಾಗಿತ್ತು, ಅಷ್ಟೆ. ಕರ್ನಾಟಕದಲ್ಲಿ ಇದರ ಮರ್ಮವನ್ನು ಬಲ್ಲವರಿದ್ದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ, ತಮ್ಮ ಆಸ್ತಿಯನ್ನು ಮರಣಪತ್ರದ ಮೂಲಕ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಬಿಟ್ಟರು. ಭೂಮಿಯ ಉತ್ಪನ್ನದಿಂದ ಓದಿದವರು ದಾನಿಯ ಮುಖವನ್ನೇ ಕಾಣದವರು. 1916ರಲ್ಲಿ ಬೆಳಗಾವಿಯಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದ ಏಳು ಮಂದಿಯಾದರೋ ಶ್ರೀಮಂತರಲ್ಲ, ಅಧ್ಯಾಪಕರು. ಅವರು ಆಯುಷ್ಯವನ್ನೇ ವಂತಿಗೆಯಾಗಿ ಕೊಟ್ಟರು. ಆಸ್ತಿಯುಳ್ಳವರು ಆಸ್ತಿಯನ್ನೂ, ವಿದ್ಯೆಯುಳ್ಳವರು ವೇಳೆಯನ್ನೂ ಕೊಟ್ಟಾಗಲೇ ಇಂತಹ ಕಾರ್ಯವು ನಿಲ್ಲುತ್ತದೆ. ದಿನವೂ ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಮಠಕ್ಕೆಂದು ತೆಗೆದಿಡುವ ಮನೆಗಳಿಗೆ ಸಣ್ಣ ದಾನದ ಬಲವನ್ನು ಹೇಳಿಕೊಡಬೇಕಾಗಿಲ್ಲ.

ಕೂಡಿಸುವಾಗ ಅಂಜಬೇಕಾದುದು ಒಂದಕ್ಕೆ. ಹಣ ಬರಲೆಂದು ಬಡ ವಿದ್ಯಾರ್ಥಿಯ ಚಿತ್ರವನ್ನು ಅಚ್ಚು ಹಾಕಿಸುವುದು, ಅವನ ತಪ್ಪು ಬರಹವನ್ನು ಸಭೆಯಲ್ಲಿ ಓದಿ ಕನಿಕರವನ್ನು ಹುಟ್ಟಿಸುವುದು, ಸಹಾಯ ಪಡೆದವರ ಪಟ್ಟಿಯನ್ನು ದಾತೃಗಳಿಗೆ ಒಪ್ಪಿಸುವುದು, ಇವೆಲ್ಲ ನಡೆಯುತ್ತವೆ. ಯಾವ ನಾಚಿಕೆಯನ್ನು ಕಳೆಯಲೆಂದು ಹಣವನ್ನು ಬೇಡಿದರೋ, ಆ ನಾಚಿಕೆಯನ್ನೇ ಮಾರಿ ಹಣವನ್ನು ತಂದಂತಾಗುತ್ತದೆ. ದಾನಿಗೆ ಸಲ್ಲತಕ್ಕದ್ದು ಹಣದ ಲೆಕ್ಕ, ವಿದ್ಯಾರ್ಥಿಯ ಗುಟ್ಟಲ್ಲ. ಎಷ್ಟು ಮಂದಿ ಬಂದರು, ಎಷ್ಟು ವೆಚ್ಚವಾಯಿತು, ಎಷ್ಟು ಉಳಿಯಿತು ಎಂದು ಕಾಸು ಬಿಡದೆ ತಿಳಿಸಲಿ. ಯಾರು ಬಂದರೆಂದು ಕೇಳುವ ಅಧಿಕಾರವು ಎಷ್ಟು ಕೊಟ್ಟವನಿಗೂ ಇಲ್ಲ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆಯು ಎಲ್ಲರಿಗೂ ಗೊತ್ತು. ಬೇಡುವವರಿಗೂ ಅಂತಹ ಮಿತಿ ಇರಬೇಕು. ಕೋಣೆಗೆಂದು ಬೇಡಿ ಮಂಟಪವನ್ನು ಕಟ್ಟಿಸಬಾರದು.

ಪ್ರಸಾದನಿಲಯಗಳುಳ್ಳ ಮಠಗಳಿಗೆ ಈ ಕಾರ್ಯವು ದೂರದ್ದಲ್ಲ. ಊಟವಾದ ಮೇಲೆ ಎಲೆ ಎತ್ತಿದ ಸಾಲಿನಲ್ಲಿಯೇ ಎರಡು ಗಳಿಗೆ ಹಿರಿಯ ವಿದ್ಯಾರ್ಥಿಯೂ ಕಿರಿಯ ವಿದ್ಯಾರ್ಥಿಯೂ ಒಂದು ಹಾಳೆಯ ಮುಂದೆ ಕುಳಿತರೆ ಅದು ಆರಂಭವಾಯಿತು. ಈ ಮಠದ ಅನ್ನವನ್ನುಂಡು ಓದಿ ಮುಂದೆ ಬಂದವರು ಈ ಸಭೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಯಾರ ಮೊದಲ ಪ್ರಬಂಧವನ್ನು ಯಾರು ತಿದ್ದಿಸಿದರೆಂಬುದು ಅವರವರಿಗೇ ಗೊತ್ತು. ಆ ಋಣವನ್ನು ತಿದ್ದಿಸಿದವನಿಗೆ ತೀರಿಸಲಾಗದು. ಇಂದು ಬರೆಯಲಾರದೆ ಕುಳಿತಿರುವ ಹುಡುಗನಿಗೇ ತೀರಿಸಬೇಕು.

ಮಂಗಳಂ ಮಹಾಶ್ರೀ.